ತೇರಿನ ದಿನದ ಪೊಲೀಸು, ಉಳಿದ ದಿನಗಳ ರಸ್ತೆ

ಪುಷ್ಯ ಶುದ್ಧ ಷಷ್ಠಿಯ ದಿನ ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ನಡೆದು ಹೋಗುವವರದೇ ದರ್ಬಾರು. ಉತ್ತರ ಪಿನಾಕಿನಿಯ ದಡದಲ್ಲಿ ನೆಲೆಸಿರುವ ಸುಬ್ರಹ್ಮಣ್ಯಸ್ವಾಮಿಗೆ ಅಂದು ಬ್ರಹ್ಮರಥೋತ್ಸವ. ಕುಕ್ಕೆಯದು ಆದಿ, ಘಾಟಿಯದು ಮಧ್ಯ, ನಾಗಲಮಡಿಕೆಯದು ಅಂತ್ಯ ಸುಬ್ರಹ್ಮಣ್ಯ ಎಂದು ನಂಬಿದ ಭಕ್ತರು ಪಾವಗಡ, ಮಧುಗಿರಿ, ಶಿರಾ ಕಡೆಯಿಂದಲೂ ಬರುತ್ತಾರೆ, ಗಡಿಯಾಚೆಯ ಪೆನುಕೊಂಡ, ಮಡಕಶಿರಾ, ಕಲ್ಯಾಣದುರ್ಗಗಳಿಂದಲೂ ಬರುತ್ತಾರೆ. ಬಸ್ಸಿನವರು, ಟ್ರ್ಯಾಕ್ಟರ್ ಟ್ರೇಲರಿನವರು, ಆಟೊದಲ್ಲಿ ಒತ್ತಿಕೊಂಡು ಬಂದವರು ಎಲ್ಲರೂ ದೂರದಲ್ಲೇ ಇಳಿಯಬೇಕು. ಅಲ್ಲಿಂದಾಚೆಗೆ ಕಾಲೇ ಗತಿ.

ಹಾಗೆ ಇಳಿಸುವುದು ಪೊಲೀಸರ ಕೆಲಸ. ರಸ್ತೆಗೆ ಅಡ್ಡಲಾಗಿ ಎರಡು ಬ್ಯಾರಿಕೇಡು, ನಡುವೆ ಒಬ್ಬರೇ ನುಸುಳುವಷ್ಟು ಸಂದು, ಪಕ್ಕದಲ್ಲಿ ಸೀಟಿ ಕಚ್ಚಿಕೊಂಡ ಒಬ್ಬ ಕಾನ್‌ಸ್ಟೆಬಲ್. ಜೊತೆಗೆ ಖಾಕಿ ತೊಟ್ಟ ಗೃಹರಕ್ಷಕರು. ಬಾಯಲ್ಲಿ ಎರಡು ಭಾಷೆ. ‘ಯಜಮಾನ್ರೇ, ಆ ಕಡೆ ಬನ್ನಿ’ ಎಂದು ಕನ್ನಡದಲ್ಲಿ ಹೇಳಿದ್ದು ಕೇಳಿಸದಿದ್ದರೆ ‘ಪಕ್ಕಕು ರಂಡಿ’ ಎಂದು ತೆಲುಗಿನಲ್ಲಿ ಇನ್ನೊಮ್ಮೆ. ತೇರಿನ ಹಗ್ಗ ಬಿಗಿಯಾಗುವ ಹೊತ್ತಿಗೆ ಚಕ್ರದ ಸುತ್ತ ಒಂದು ಹಗ್ಗದ ಬೇಲಿ, ಅದನ್ನು ಹಿಡಿದು ಜನರ ಕಡೆ ಮುಖ ಮಾಡಿ ಹಿಂದು ಹಿಂದಕ್ಕೆ ನಡೆಯುವ ಪೊಲೀಸರು. ಎಲ್ಲರೂ ತೇರು ನೋಡುತ್ತಿದ್ದರೆ ತೇರಿಗೆ ಬೆನ್ನು ಕೊಟ್ಟು ಜನರನ್ನು ನೋಡುವವರು ಇವರಷ್ಟೇ.

ಜಾತ್ರೆ ಮುಗಿದ ಮಾರನೆಯ ದಿನ ಬ್ಯಾರಿಕೇಡು ಲಾರಿ ಏರುತ್ತದೆ. ಅದೇ ರಸ್ತೆಯ ಅಂಚಿನಲ್ಲಿ ಶಾಲೆ ಮಕ್ಕಳು, ಹಾಲಿನ ಡೇರಿಗೆ ಕ್ಯಾನು ಹೊತ್ತವರು, ಕೂಲಿಗೆ ಹೊರಟ ಹೆಂಗಸರು ಮತ್ತೆ ನಡೆಯುತ್ತಾರೆ. ವಾಹನಗಳೂ ಮತ್ತೆ ತಮ್ಮ ವೇಗಕ್ಕೆ ಮರಳುತ್ತವೆ. ಜಾತ್ರೆಯ ಬಂದೋಬಸ್ತಿನಲ್ಲಿ ಪೊಲೀಸರು ಪಾದಚಾರಿಗೆ ಏನು ಕೊಡಬಲ್ಲರು ಎಂಬುದು ಕಣ್ಣಿಗೆ ಕಾಣುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅವರು ಏನು ಕೊಡಬಹುದು, ಕೊಡಬೇಕು ಎಂಬುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದರ ಬಹುಪಾಲು ನಡೆಯುವುದು ಠಾಣೆಯ ಮೇಜಿನ ಮೇಲೆ.

ಠಾಣೆ ಒಂದು, ಕೆಲಸ ಹತ್ತಾರು

ತುಮಕೂರು ನಗರದಲ್ಲಿ ಸಂಚಾರಕ್ಕೆಂದೇ ಪ್ರತ್ಯೇಕ ಠಾಣೆ ಇದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹೋಬಳಿಗಳಲ್ಲಿ ಬಿಳಿ ಅಂಗಿಯ ಟ್ರಾಫಿಕ್ ಪೊಲೀಸ್ ಎಂಬ ಜಾತಿಯೇ ಇಲ್ಲ. ಪಾವಗಡ ತಾಲ್ಲೂಕನ್ನೇ ತೆಗೆದುಕೊಂಡರೆ ಪಾವಗಡ, ವೈ.ಎನ್. ಹೊಸಕೋಟೆ, ತಿರುಮಣಿ, ಅರಸೀಕೆರೆ ಠಾಣೆಗಳಿವೆ. ಜಮೀನು ಜಗಳ, ಕಳವು, ಇಸ್ಪೀಟು, ಅಕ್ರಮ ಮರಳು, ನ್ಯಾಯಾಲಯದ ಸಮನ್ಸು, ಸಚಿವರ ಭೇಟಿ ಎಲ್ಲವೂ ಇದೇ ಸಿಬ್ಬಂದಿಯ ಪಾಲಿಗೆ. ಬೆಳಿಗ್ಗೆ ಶಾಲೆ ಸೇರುವ ಹೊತ್ತಿಗೆ ವೃತ್ತದಲ್ಲಿ ನಿಲ್ಲುವ ಕಾನ್‌ಸ್ಟೆಬಲ್ ಹನ್ನೊಂದು ಗಂಟೆಗೆ ಮಧುಗಿರಿಯ ಕೋರ್ಟಿನಲ್ಲಿ ಇರಬೇಕಾಗಬಹುದು.

ಈ ಸೀಮೆಯ ಪೊಲೀಸರ ಚಿತ್ರ ಹಿಂದೆ ಬೇರೆಯೇ ಇತ್ತು. 2005ರ ಫೆಬ್ರುವರಿ 10ರ ರಾತ್ರಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ ನಕ್ಸಲರು ದಾಳಿ ಮಾಡಿ ಪೊಲೀಸರನ್ನು ಕೊಂದರು. ಆ ಮೇಲೆ ಬಹಳ ವರ್ಷ ಇಲ್ಲಿ ಪೊಲೀಸ್ ಎಂದರೆ ಬಂದೂಕು, ಜೀಪು, ರಾತ್ರಿ ಗಸ್ತು. ಈಗ ಆ ಭಯ ಹಿಂದೆ ಸರಿದಿದೆ. ಊರಿನವರನ್ನು ಕೊಲ್ಲುವ ಕಾರಣಗಳ ಪಟ್ಟಿಯಲ್ಲಿ ರಸ್ತೆ ಮುಂದೆ ಬಂದಿದೆ.

ಲೆಕ್ಕ ನೋಡಿದರೆ ಇದು ಪಾವಗಡದ ಕಥೆಯಷ್ಟೇ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491. ಅವರಲ್ಲಿ 32,825 ಮಂದಿ ಪಾದಚಾರಿಗಳು, ಅಂದರೆ ದಿನಕ್ಕೆ ಸುಮಾರು 90. ಕರ್ನಾಟಕದಲ್ಲಿ ಆ ವರ್ಷ ರಸ್ತೆಯಲ್ಲಿ ಸತ್ತವರು ಒಟ್ಟು 11,702. ದೇಶದ ಸಾವುಗಳಲ್ಲಿ ಶೇ 68ರಷ್ಟು ನಡೆದದ್ದು ಗ್ರಾಮೀಣ ಪ್ರದೇಶದಲ್ಲಿ. ಪಾದಚಾರಿ ಸುರಕ್ಷತೆ ಎಂದೊಡನೆ ನೆನಪಾಗುವುದು ಬೆಂಗಳೂರಿನ ಒಡೆದ ಫುಟ್‌ಪಾತು. ಫುಟ್‌ಪಾತೇ ಇಲ್ಲದ ರಸ್ತೆಯಲ್ಲಿ, ಟ್ರಾಫಿಕ್ ಪೊಲೀಸರೇ ಇಲ್ಲದ ಊರಲ್ಲಿ ನಡೆಯುವವರ ಪಾಡು ಚರ್ಚೆಗೆ ಬರುವುದು ಕಡಿಮೆ.

ಕೆಶಿಪ್ ರಸ್ತೆ ತಂದ ವೇಗ

ಮಳವಳ್ಳಿಯಿಂದ ಪಾವಗಡಕ್ಕೆ ಬರುವ ರಾಜ್ಯ ಹೆದ್ದಾರಿ 33 ತುಮಕೂರು, ಕೊರಟಗೆರೆ, ಮಧುಗಿರಿ ದಾಟಿ ಬರುತ್ತದೆ. ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯ ಹೆಸರಿನಿಂದ ಜನರ ಬಾಯಲ್ಲಿ ಅದು ‘ಕೆಶಿಪ್ ರಸ್ತೆ’. ಗುಂಡಿ ಬಿದ್ದ ಹಳೆಯ ರಸ್ತೆಯಲ್ಲಿ ಪಾವಗಡದಿಂದ ತುಮಕೂರಿಗೆ ಹೋಗಿಬರುವುದೇ ಒಂದು ವ್ರತವಾಗಿತ್ತು. ರಸ್ತೆ ಅಗಲವಾಗಿ ನುಣುಪಾದ ಮೇಲೆ ಪ್ರಯಾಣ ಹಗುರಾಯಿತು. ರೋಗಿಯನ್ನು ಸುಮಾರು ನೂರು ಕಿಲೊಮೀಟರ್ ದೂರದ ಜಿಲ್ಲಾ ಆಸ್ಪತ್ರೆಗೆ ಸಾಗಿಸುವವರಿಗೆ ಅದರ ಬೆಲೆ ಗೊತ್ತು. ಆದರೆ ರಸ್ತೆ ಊರುಗಳ ನಡುವೆಯೇ ಹಾದುಹೋಗುತ್ತದೆ. ಮನೆ ಈ ಕಡೆ, ಹೊಲ ಆ ಕಡೆ. ಶಾಲೆ ಈ ಕಡೆ, ಬಸ್ ನಿಲ್ದಾಣ ಆ ಕಡೆ. ಮೊದಲು ಗುಂಡಿಯೇ ಹಂಪಿನ ಕೆಲಸ ಮಾಡುತ್ತಿತ್ತು.

ನಾಗಲಮಡಿಕೆ ಹೋಬಳಿಗೆ ವೇಗ ಇನ್ನೊಂದು ದಾರಿಯಿಂದಲೂ ಬಂತು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿಕೊಂಡಿತು. ಎತ್ತಿನ ಗಾಡಿ ಕಂಡ ದಾರಿಗಳಲ್ಲಿ ಟ್ರೇಲರ್ ಲಾರಿ, ಕಂಪನಿಯ ಜೀಪು, ಕೆಲಸಗಾರರ ಟೆಂಪೊ ಓಡತೊಡಗಿದವು. ಇಷ್ಟು ಕರೆಂಟು ಹುಟ್ಟುವ ಹೋಬಳಿಯಲ್ಲೂ ಊರಿಂದೂರಿಗೆ ಹೋಗುವ ರಸ್ತೆ ರಾತ್ರಿ ಕತ್ತಲೆಯೇ. ಎದುರಿನ ವಾಹನದ ಹೈಬೀಮ್ ಕಣ್ಣಿಗೆ ಹೊಡೆದಾಗ ಚಾಲಕನಿಗೆ ಅಂಚಿನಲ್ಲಿ ನಡೆಯುವ ಮನುಷ್ಯ ಕಾಣುವುದೇ ಇಲ್ಲ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ವಿಶೇಷ ಕಾರ್ಯಾಚರಣೆ ನಡೆಸಿದ್ದು ಚಾಲಕರ ಅನುಕೂಲಕ್ಕೆ ಎಂದು ಹಲವರು ಅಂದುಕೊಂಡರು. ಅದರ ಮೊದಲ ಫಲಾನುಭವಿ ಹಳ್ಳಿಯ ಪಾದಚಾರಿ.

ವೇಗಕ್ಕೂ ಸಾವಿಗೂ ಇರುವ ನಂಟು ನಿಖರವಾದದ್ದು. ಕಾರು ಗುದ್ದುವ ವೇಗ ಗಂಟೆಗೆ 50 ಕಿ.ಮೀ.ನಿಂದ 65ಕ್ಕೆ ಏರಿದರೆ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಾಲಕನಿಗೆ ಆ 15 ಕಿ.ಮೀ. ಎಂದರೆ ಕಾಲ್ಬೆರಳಿನ ಒಂದು ಒತ್ತು. ಹೀಗಾಗಿ ಊರಿನ ಬುಡದಲ್ಲಿ ವಾರಕ್ಕೆ ಎರಡು ದಿನ, ಹೊತ್ತು ಗೊತ್ತಾಗದಂತೆ ನಿಲ್ಲುವ ಒಂದು ಪೊಲೀಸ್ ಜೀಪು ದೊಡ್ಡ ಕೆಲಸ ಮಾಡುತ್ತದೆ. ಅದು ನಿಲ್ಲುವ ಜಾಗ ಮುಖ್ಯ. ಹೆಲ್ಮೆಟ್ ದಂಡ ಸುಲಭವಾಗಿ ಸಿಗುವ ಪಟ್ಟಣದ ತಿರುವಿನಲ್ಲಿ ನಿಂತರೆ ರಸೀದಿ ಪುಸ್ತಕ ತುಂಬುತ್ತದೆ. ಶಾಲೆಯ ಗೇಟಿಗೆ ಇನ್ನೂರು ಮೀಟರ್ ಮೊದಲು ನಿಂತರೆ ರಸೀದಿ ಕಡಿಮೆ, ಬ್ರೇಕು ಹೆಚ್ಚು.

ಹಂಪು ಹಾಕಿಸುವುದು ಪೊಲೀಸರ ಕೈಯಲ್ಲಿಲ್ಲ. ಅದು ಲೋಕೋಪಯೋಗಿ ಇಲಾಖೆಯದು, ರಾಷ್ಟ್ರೀಯ ಹೆದ್ದಾರಿಯಾದರೆ ಪ್ರಾಧಿಕಾರದ್ದು. ಅಪಘಾತವಾದ ಮಾರನೆಯ ದಿನ ಊರಿನವರು ಸಿಟ್ಟಿಗೆದ್ದು ಮಣ್ಣು, ಜಲ್ಲಿ ಸುರಿದು ತಾವೇ ಕಟ್ಟಿಕೊಳ್ಳುವ ಹಂಪು ಇನ್ನೊಂದು ಅಪಘಾತಕ್ಕೆ ದಾರಿ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಲ್ಲಿ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಹಳ್ಳಿಯ ಹಂಪುಗಳಲ್ಲಿ ಬಹಳಷ್ಟಕ್ಕೆ ಎತ್ತರವಿದೆ, ಅಗಲವಿಲ್ಲ, ಬಿಳಿ ಪಟ್ಟಿಯಿಲ್ಲ, ಮುಂಚಿತವಾಗಿ ಹೇಳುವ ಫಲಕವಿಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಎಸ್‌ಪಿಯವರೂ ಕೂರುತ್ತಾರೆ. ಯಾವ ಊರಿನ ಮುಂದೆ ಎಷ್ಟು ಜನ ಬಿದ್ದಿದ್ದಾರೆ ಎಂಬ ಪಟ್ಟಿ ಆ ಸಭೆಗೆ ಹೋಗಬೇಕಾದದ್ದು ಠಾಣೆಯಿಂದಲೇ.

ಕಣವಾದ ರಸ್ತೆ

ಜಾತ್ರೆಯ ಕಾಲವೇ ಈ ಸೀಮೆಯಲ್ಲಿ ಸುಗ್ಗಿಯ ಕಾಲ. ರಾಗಿ, ಹುರುಳಿ, ತೊಗರಿ ಕೊಯ್ದು ತಂದವರು ಟಾರು ರಸ್ತೆಯ ಅರ್ಧಕ್ಕೆ ಹರಡುತ್ತಾರೆ. ಓಡಾಡುವ ಲಾರಿ, ಬಸ್ಸುಗಳ ಚಕ್ರವೇ ರೋಣಗಲ್ಲು. ಹರಡಿದ್ದರ ಅಂಚಿಗೆ ಗುರುತಾಗಿ ಸಾಲಾಗಿ ಕಲ್ಲು. ಕತ್ತಲಾಗುವ ಹೊತ್ತಿಗೆ ಕಾಳು ಮನೆ ಸೇರುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಹುರುಳಿ ಸೊಪ್ಪಿನ ಮೇಲೆ ಬೈಕ್ ಜಾರಿದರೆ ಸವಾರನ ಗತಿ ಎಲ್ಲರಿಗೂ ಗೊತ್ತು. ನಡೆದು ಹೋಗುವವರ ಕಷ್ಟ ಬೇರೆ ತೆರನದು. ಅಂಚು ಪೂರ್ತಿ ಫಸಲಿನ ಪಾಲಾದರೆ ಅವರು ನಡುರಸ್ತೆಗೆ ಇಳಿಯಬೇಕು. ಉಳಿದ ಅರ್ಧ ರಸ್ತೆಯಲ್ಲಿ ಎರಡೂ ಕಡೆಯ ವಾಹನ, ಅದರ ಮಧ್ಯೆ ಇವರು.

ರಸ್ತೆಗೆ ಅಡ್ಡಿಯೊಡ್ಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 285ರಂತೆ ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ ಇದಕ್ಕೆ 200 ರೂಪಾಯಿವರೆಗೆ ದಂಡವಿತ್ತು, 2024ರ ಜುಲೈ 1ರಿಂದ ಅದು 5,000 ರೂಪಾಯಿವರೆಗೆ ಏರಿದೆ. ಆದರೆ ಬರಗಾಲದ ತಾಲ್ಲೂಕಿನಲ್ಲಿ ನಾಲ್ಕು ಚೀಲ ಕಾಳು ಕಂಡ ರೈತನ ಮೇಲೆ ಎಫ್‌ಐಆರ್ ಹಾಕಲು ಯಾವ ಪಿಎಸ್‌ಐಗೂ ಮನಸ್ಸು ಬರುವುದಿಲ್ಲ. ಹಾಕಿದರೆ ಊರೇ ಠಾಣೆ ಮುಂದೆ ಕೂರುತ್ತದೆ. ಮೊದಲಿನಂತೆ ಊರಿಗೊಂದು ಕಣ, ಸಗಣಿ ಸಾರಿಸಿ ಹದ ಮಾಡುವ ಬಿಡುವು ಈಗ ಯಾರಿಗೂ ಇಲ್ಲ. ಹೀಗಾಗಿ ಬಹುತೇಕ ಕಡೆ ಪೊಲೀಸರು ಮೈಕ್ ಕಟ್ಟಿ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಾರೆ.

ಬೀಟ್ ಪೊಲೀಸರಿಗೆ ಇಲ್ಲಿ ದಂಡಕ್ಕಿಂತ ಹೆಚ್ಚಿನ ಅವಕಾಶವಿದೆ. 2017ರಲ್ಲಿ ರಾಜ್ಯ ಜಾರಿಗೆ ತಂದ ಸುಧಾರಿತ ಗಸ್ತು ವ್ಯವಸ್ಥೆಯಂತೆ ಒಂದೊಂದು ಬೀಟಿಗೂ ಒಬ್ಬ ಹೊಣೆಗಾರ ಪೊಲೀಸ್ ಇದ್ದಾರೆ. ಯಾರ ಫಸಲು ಯಾವ ತಿರುವಿನಲ್ಲಿ ಬೀಳುತ್ತದೆಂದು ಅವರಿಗೆ ಹೆಸರು ಸಮೇತ ಗೊತ್ತು. ಗ್ರಾಮ ಪಂಚಾಯಿತಿಯೊಂದಿಗೆ ಮಾತಾಡಿ ಶಾಲೆ, ತಿರುವು, ಸೇತುವೆ ಬಳಿ ಹರಡದಂತೆ ನೋಡಿಕೊಂಡರೆ, ರಾತ್ರಿ ಕಲ್ಲು ಎತ್ತಿಸಿದರೆ ಅರ್ಧ ಅಪಾಯ ಕಳೆಯುತ್ತದೆ. 2023ರಲ್ಲಿ ಗೃಹ ಸಚಿವರಾದ ಜಿ. ಪರಮೇಶ್ವರ್ ಕೊರಟಗೆರೆಯ ಶಾಸಕರು. ಅವರ ಅವಧಿಯಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದಲ್ಲಿ ಪೊಲೀಸರು ಮನೆಗೆ ಬಂದು ಅಹವಾಲು ಕೇಳಬೇಕೆಂದಿದೆ. ಹಾಗೆ ಬಂದವರು ‘ನಿಮ್ಮ ಮಕ್ಕಳು ಶಾಲೆಗೆ ಯಾವ ಕಡೆಯಿಂದ ರಸ್ತೆ ದಾಟುತ್ತಾರೆ?’ ಎಂದು ಒಂದು ಪ್ರಶ್ನೆ ಸೇರಿಸಿಕೊಂಡರೆ ಖರ್ಚಿಲ್ಲ.

ಮಕ್ಕಳಿಗೆ ಹೇಳಿಕೊಡುವುದರಲ್ಲೂ ಒಂದು ತಿದ್ದುಪಡಿ ಬೇಕು. ‘ಯಾವಾಗಲೂ ಎಡಬದಿಯಲ್ಲಿ ನಡೆಯಿರಿ’ ಎಂದು ಎಷ್ಟೋ ಶಾಲೆಗಳ ಗೋಡೆ ಹೇಳುತ್ತದೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎಡಕ್ಕೆ ನಡೆದರೆ ವಾಹನ ಬೆನ್ನ ಹಿಂದಿನಿಂದ ಬರುತ್ತದೆ. ಬಲ ಅಂಚಿನಲ್ಲಿ, ಎದುರಿನ ವಾಹನ ಕಾಣುವಂತೆ ನಡೆಯಬೇಕೆಂಬುದು ರಸ್ತೆ ಸುರಕ್ಷತೆಯ ಪಾಠ. ಶಾಲೆಗೆ ಬಂದು ಭಾಷಣ ಮಾಡುವ ಪೊಲೀಸ್ ಅಧಿಕಾರಿ ಹೆಲ್ಮೆಟ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಎದುರು ಕುಳಿತ ಮಕ್ಕಳಿಗೆ ಬೈಕ್ ಇಲ್ಲ, ಕಾಲಿದೆ.

ಹೇಳುವ ರೀತಿಯೂ ಬದಲಾಗಬಹುದು. 1995ರಲ್ಲಿ ಕೊಲಂಬಿಯಾದ ಬೊಗೋಟಾ ನಗರಕ್ಕೆ ಮೇಯರ್ ಆದ ಆಂಟನಾಸ್ ಮೊಕಸ್ ಜೀಬ್ರಾ ಪಟ್ಟಿಗಳ ಬಳಿ ಮೂಕಾಭಿನಯದ ಕಲಾವಿದರನ್ನು ನಿಲ್ಲಿಸಿದರು. ಪಟ್ಟಿಯ ಮೇಲೆ ಕಾರು ನಿಲ್ಲಿಸಿದವನನ್ನು ಅವರು ಅಣಕಿಸುತ್ತಿದ್ದರು. ದಂಡಕ್ಕೆ ಬಗ್ಗದವರು ನಗೆಗೆ ಬಗ್ಗಿದರು. ಬೆಂಗಳೂರಿನ ಸಂಚಾರ ಪೊಲೀಸರೂ 2018ರಲ್ಲಿ ಯಮನ ವೇಷದವರನ್ನು ರಸ್ತೆಗಿಳಿಸಿದ್ದುಂಟು. ಗುಬ್ಬಿ ವೀರಣ್ಣನವರ ಜಿಲ್ಲೆಯಲ್ಲಿ ವೇಷಕ್ಕೂ ಬರವಿಲ್ಲ, ಕಟ್ಟುವವರಿಗೂ ಬರವಿಲ್ಲ.

ಹೆದ್ದಾರಿಯ ಈ ದಡ, ಆ ದಡ

ಶಿರಾ ತಾಲ್ಲೂಕಿನ ಸಮಸ್ಯೆ ಹೋಬಳಿ ರಸ್ತೆಯದಲ್ಲ. ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 ತಾಲ್ಲೂಕನ್ನು ಸೀಳಿಕೊಂಡು ಹೋಗುತ್ತದೆ. ಅದೇ ಹೆದ್ದಾರಿಯ ಕಳ್ಳಂಬೆಳ್ಳ ಎಂಬ ಹೆಸರು ನಾಡಿಗೆಲ್ಲ ಕೇಳಿಸಿದ್ದು 2022ರ ಆಗಸ್ಟ್ 25ರ ನಸುಕಿನಲ್ಲಿ. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರ ಕ್ರೂಸರ್ ಲಾರಿಗೆ ಡಿಕ್ಕಿ ಹೊಡೆದು ಮಕ್ಕಳೂ ಸೇರಿ ಒಂಬತ್ತು ಜನ ಸತ್ತರು. ಅಷ್ಟು ಸಾವು ಒಟ್ಟಿಗೆ ಆದರೆ ಪ್ರಧಾನಿಯಿಂದಲೂ ಸಂತಾಪ ಬರುತ್ತದೆ. ಹೆದ್ದಾರಿ ದಾಟುವಾಗ ಒಬ್ಬೊಬ್ಬರಾಗಿ ಸಾಯುವವರ ಸುದ್ದಿ ಒಳಪುಟದ ನಾಲ್ಕು ಸಾಲಿಗೆ ಮುಗಿಯುತ್ತದೆ.

ಹೆದ್ದಾರಿಯಲ್ಲಿ ಪೊಲೀಸರು ಏನು ಮಾಡಬಲ್ಲರು ಎಂಬುದಕ್ಕೆ ರಾಜ್ಯದಲ್ಲೇ ಎರಡು ಪಾಠಗಳಿವೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ತೆರೆದ ಹೊಸತರಲ್ಲಿ ದಿನಕ್ಕೊಂದು ಹೆಣ ಎಂಬಂತಾಗಿತ್ತು. ಆ ವರ್ಷ 188 ಮಂದಿ ಸತ್ತರು. ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿಯಾಗಿದ್ದ ಅಲೋಕ್ ಕುಮಾರ್ ನೇತೃತ್ವದಲ್ಲಿ ವೇಗ ಅಳೆಯುವ ಸಾಧನ, ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಬಂದವು. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥ ನಿಷಿದ್ಧವಾಯಿತು. 2024ರಲ್ಲಿ ಸಾವು 50ಕ್ಕೆ ಇಳಿಯಿತು.

ಎರಡನೆಯದು ಅಷ್ಟು ಪ್ರಸಿದ್ಧವಲ್ಲ, ಆದರೆ ಮಧುಗಿರಿ–ಪಾವಗಡ ಕಡೆಗೆ ಹೆಚ್ಚು ಹೊಂದುತ್ತದೆ. ವಿಶ್ವ ಬ್ಯಾಂಕ್ ನೆರವಿನಲ್ಲಿ ಬೆಳಗಾವಿ–ಯರಗಟ್ಟಿ ನಡುವಿನ 62 ಕಿ.ಮೀ. ರಾಜ್ಯ ಹೆದ್ದಾರಿಯನ್ನು ‘ಸುರಕ್ಷಿತ ಕಾರಿಡಾರ್’ ಆಗಿ ಪ್ರಯೋಗಕ್ಕೆ ಆರಿಸಿದರು. ರಸ್ತೆ ತಿದ್ದುವ ಎಂಜಿನಿಯರ್, ವೇಗ ತಡೆಯುವ ಪೊಲೀಸ್, ಗಾಯಾಳುವನ್ನು ಒಯ್ಯುವ ಆಂಬುಲೆನ್ಸ್ ಮೂವರೂ ಒಂದೇ ಯೋಜನೆಯಲ್ಲಿ ಕೆಲಸ ಮಾಡಿದರು. 2015ರಿಂದ 2018ರ ಹೊತ್ತಿಗೆ ಸಾವು ಶೇ 54ರಷ್ಟು ಇಳಿಯಿತು. ಅದೂ ಊರುಗಳ ನಡುವೆ ಹಾಯುವ ರಸ್ತೆ, ಕೆಶಿಪ್ ರಸ್ತೆಯ ಹಾಗೆಯೇ.

ಮೆರವಣಿಗೆಯ ಪಾಠ ಹಾಸನದಿಂದ ಬಂತು. 2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ವಿಸರ್ಜನೆಗೆ ಹೆದ್ದಾರಿಯಲ್ಲಿ ಸಾಗುತ್ತಿದ್ದ ಜನರ ಮೇಲೆ ಲಾರಿ ನುಗ್ಗಿತು. ಸತ್ತವರಲ್ಲಿ ಹೆಚ್ಚಿನವರು ಹರೆಯದ ಹುಡುಗರು, ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದರು. ದೇವರು, ಡಿಜೆ, ಜನ ಒಂದು ಕಡೆ, ಹರಿಯುವ ವಾಹನ ಇನ್ನೊಂದು ಕಡೆ. ಮಧ್ಯೆ ಇದ್ದದ್ದು ವಿಭಜಕ ಮಾತ್ರ. ಅನುಮತಿ ಪತ್ರಕ್ಕೆ ಸಹಿ ಹಾಕುವಾಗಲೇ ಮಾರ್ಗ ಬದಲಾವಣೆ ಎಲ್ಲಿಂದ, ಎಷ್ಟು ಹೊತ್ತು, ಲಾರಿಗಳನ್ನು ತಡೆಯುವುದು ಯಾವ ಊರಿನಲ್ಲಿ ಎಂಬುದು ನಿಶ್ಚಯವಾಗಬೇಕು. ಮೋಟಾರು ವಾಹನ ಕಾಯ್ದೆಯ ಕಲಂ 115 ಸಂಚಾರ ನಿರ್ಬಂಧಿಸುವ ಅಧಿಕಾರ ಕೊಡುತ್ತದೆ. ಶ್ರಾವಣ ಶನಿವಾರ ಪಾವಗಡದ ಶನಿಮಹಾತ್ಮನಿಗೆ ನೆರೆಯುವ ಜನ, ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಗೆ ಬರುವ ಜನ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯ ಜನ ಎಲ್ಲರೂ ಕೊನೆಯ ಗಳಿಗೆಯಲ್ಲಿ ಪಾದಚಾರಿಗಳೇ.

ಗಾಯಾಳುವನ್ನು ಎತ್ತಿಕೊಂಡು ಹೋದವರನ್ನು ಪೊಲೀಸರು ನಡೆಸಿಕೊಳ್ಳುವ ಬಗೆಯೂ ಜೀವ ಉಳಿಸುವ ಲೆಕ್ಕಕ್ಕೆ ಸೇರಿದ್ದು. ‘ಸುಮ್ನೆ ಯಾಕೆ ಕೋರ್ಟು ಕಚೇರಿ’ ಎಂದು ಹಿಂಜರಿಯುವವರಿಗಾಗಿಯೇ ಕರ್ನಾಟಕ 2016ರಲ್ಲಿ ಪರೋಪಕಾರಿಗಳ ರಕ್ಷಣೆಗೆ ಪ್ರತ್ಯೇಕ ಕಾನೂನು ರೂಪಿಸಿತು. ಹೆಸರು ಹೇಳಲು ಒತ್ತಾಯಿಸುವಂತಿಲ್ಲ, ಸಾಕ್ಷಿಯಾಗಲು ಬಲವಂತ ಮಾಡುವಂತಿಲ್ಲ. ಗಾಯಾಳುವಿಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆ 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಾಗಿದೆ. ಇವೆರಡನ್ನೂ ಊರಿನ ಆಟೊ ಚಾಲಕರಿಗೆ ಹೇಳಿಕೊಟ್ಟರೆ ಹೆಚ್ಚು ಉಪಯೋಗ. ಆಂಬುಲೆನ್ಸ್ ಬರುವ ಮೊದಲು ಸ್ಥಳದಲ್ಲಿ ಇರುವವರು ಅವರೇ.

ಮಹಜರಿನ ಒಂದು ಸಾಲು

ಅಪಘಾತವಾದ ಮೇಲೆ ಪೊಲೀಸರು ಮಾಡುವ ಮೊದಲ ಕೆಲಸಗಳಲ್ಲಿ ಸ್ಥಳ ಮಹಜರು ಒಂದು. ಇಬ್ಬರು ಪಂಚರು, ಟೇಪು, ಒಂದು ಕಾಗದ. ಕಾಗದದ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ರಸ್ತೆಯ ಎರಡು ಗೆರೆ, ಚಪ್ಪಲಿ ಬಿದ್ದಿದ್ದ ಜಾಗಕ್ಕೊಂದು ಅಂಕಿ, ರಕ್ತದ ಕಲೆಗೊಂದು ಅಂಕಿ, ಟೈರಿನ ಗುರುತಿಗೊಂದು ಅಂಕಿ. ಚಪ್ಪಲಿ ಟಾರಿನ ಅಂಚಿನಿಂದ ಎಷ್ಟು ಅಡಿ ಒಳಗಿತ್ತು, ಎಷ್ಟು ಅಡಿ ಹೊರಗಿತ್ತು ಎಂದು ಟೇಪು ಹಿಡಿದು ಅಳೆಯಬೇಕು. ಮಳೆ ಬಂದರೆ, ಜನ ತುಳಿದರೆ, ಇನ್ನೊಂದು ಲಾರಿ ಹಾದರೆ ಆ ಗುರುತುಗಳು ಉಳಿಯುವುದಿಲ್ಲ. ವರ್ಷಗಳ ನಂತರ ಪರಿಹಾರ ನ್ಯಾಯಾಧಿಕರಣದ ಮುಂದೆ ಬರುವುದು ಈ ಕಾಗದ ಮಾತ್ರ.

ಅದರಲ್ಲಿ ‘ಪಾದಚಾರಿಯು ದಿಢೀರನೆ ಅಡ್ಡ ಬಂದಿದ್ದರಿಂದ’ ಎಂಬ ಸಾಲು ಸೇರಿತೆಂದರೆ ವಿಮಾ ಕಂಪನಿಯ ವಕೀಲರಿಗೆ ಅದೇ ಸಾಕು. ಸತ್ತವರದೂ ತಪ್ಪಿದೆ ಎಂದು ವಾದಿಸಿ ಪರಿಹಾರದಲ್ಲಿ ಒಂದು ಪಾಲು ಕಳೆಯಬಹುದು. ಆ ಸಾಲು ಬಹಳ ಸಲ ಬರುವುದು ಚಾಲಕನ ಬಾಯಿಂದ, ಎದುರು ಹೇಳುವವರು ಶವಾಗಾರದ ಮುಂದೆ ಕುಳಿತಿರುವಾಗ. ಅಲ್ಲಿ ಫುಟ್‌ಪಾತ್ ಇತ್ತೇ, ದೀಪ ಉರಿಯುತ್ತಿತ್ತೇ, ಜೀಬ್ರಾ ಪಟ್ಟಿ ಅಳಿಸಿತ್ತೇ, ಫಸಲು ಹರಡಿತ್ತೇ ಎಂಬುದನ್ನು ಬರೆದ ಮಹಜರು ಬೇರೆಯದೇ ಕಥೆ ಹೇಳುತ್ತದೆ. ರಸ್ತೆಯ ವಿನ್ಯಾಸ, ನಿರ್ವಹಣೆಯ ದೋಷದಿಂದ ಸಾವಾದರೆ ಗುತ್ತಿಗೆದಾರ, ಎಂಜಿನಿಯರುಗಳನ್ನೂ ಹೊಣೆ ಮಾಡುವ ಕಲಂ 198ಎ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದಿದೆ. ಠಾಣೆಯ ಕಾಗದದಲ್ಲಿ ದೋಷವೇ ದಾಖಲಾಗದಿದ್ದರೆ ಆ ಕಲಂ ಪುಸ್ತಕದಲ್ಲೇ ಉಳಿಯುತ್ತದೆ.

2021ರಲ್ಲಿ ಐಐಟಿ ಮದ್ರಾಸ್ ಸಿದ್ಧಪಡಿಸಿದ ಐ–ರಾಡ್ ಆ್ಯಪ್ ಮೊದಲು ಬಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸ್ಥಳದಲ್ಲೇ ನಿಂತು ಮೊಬೈಲಿನಲ್ಲಿ ಫೋಟೊ, ಅಕ್ಷಾಂಶ–ರೇಖಾಂಶ, ರಸ್ತೆಯ ಸ್ಥಿತಿ ತುಂಬಬೇಕು. ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಐದು ಗಂಭೀರ ಅಪಘಾತ ಅಥವಾ ಹತ್ತು ಸಾವು ದಾಖಲಾದರೆ ಆ ಜಾಗ ‘ಬ್ಲ್ಯಾಕ್ ಸ್ಪಾಟ್’. ಆಗ ಮಾತ್ರ ತಿದ್ದಲು ಹಣ, ಗಮನ ಎರಡೂ ಬರುತ್ತವೆ. ಆದರೆ ಹೋಬಳಿಯಲ್ಲಿ ಎಷ್ಟೋ ಪ್ರಕರಣಗಳು ಹಿರಿಯರ ಮುಂದೆ ಕೂತು ಇಷ್ಟು ದುಡ್ಡೆಂದು ಮಾತಾಡಿ ಮುಗಿಯುತ್ತವೆ. ಕಾಲು ಮುರಿದವರಿಗೆ ಒಂದಿಷ್ಟು ಸಿಗುತ್ತದೆ. ರಸ್ತೆಯ ಲೆಕ್ಕಕ್ಕೆ ಏನೂ ಸೇರುವುದಿಲ್ಲ. ಮುಂದಿನವರು ಅದೇ ತಿರುವಿನಲ್ಲಿ ಬೀಳುತ್ತಾರೆ.

ಗುರುತು ಸಿಗದ ವಾಹನ

ಪಾವಗಡ ತಾಲ್ಲೂಕಿನ ಮೂರು ದಿಕ್ಕಿಗೂ ಆಂಧ್ರ. ನಾಗಲಮಡಿಕೆಯ ರಸ್ತೆಯಲ್ಲಿ ಒಬ್ಬರಿಗೆ ಗುದ್ದಿದ ವಾಹನ ಕೆಲವೇ ನಿಮಿಷಗಳಲ್ಲಿ ಇನ್ನೊಂದು ರಾಜ್ಯದಲ್ಲಿರುತ್ತದೆ. ಈ ಠಾಣೆಯ ಕ್ಯಾಮೆರಾಗೆ ಅಲ್ಲಿಯದು ಕಾಣದು, ಆ ಠಾಣೆಯ ಗಸ್ತಿಗೆ ಇಲ್ಲಿಯ ಸುದ್ದಿ ತಡವಾಗಿ ತಲುಪುತ್ತದೆ. ‘ಅದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂಬ ಮಾತು ಗಡಿಯ ಜನರಿಗೆ ಹಳೆಯದು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ವ್ಯಾಪ್ತಿ ಯಾವುದಾದರೂ ಬಂದ ದೂರನ್ನು ಠಾಣೆ ದಾಖಲಿಸಲೇಬೇಕು. ‘ಝೀರೊ ಎಫ್‌ಐಆರ್’ ಎಂದು ಕರೆಯುವುದು ಇದನ್ನೇ. ಗಾಯಾಳುವನ್ನು ಹತ್ತಿರವೆಂದು ಹಿಂದೂಪುರಕ್ಕೋ ಅನಂತಪುರಕ್ಕೋ ಒಯ್ದವರಿಗೆ ಇದು ದೊಡ್ಡ ಅನುಕೂಲ.

ವಾಹನ ಸಿಗದೇ ಹೋದರೂ ಪರಿಹಾರಕ್ಕೆ ದಾರಿ ಇದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹಿಟ್ ಅಂಡ್ ರನ್ ಪರಿಹಾರ ಯೋಜನೆಯಲ್ಲಿ ಸತ್ತವರ ಕುಟುಂಬಕ್ಕೆ 2 ಲಕ್ಷ ರೂಪಾಯಿ, ತೀವ್ರ ಗಾಯವಾದವರಿಗೆ 50,000 ರೂಪಾಯಿ. ಅರ್ಜಿ ಕೊಡುವುದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಮಟ್ಟದಲ್ಲಿ, ಮಂಜೂರು ಮಾಡುವುದು ಜಿಲ್ಲಾಧಿಕಾರಿ ಮಟ್ಟದಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನವರಿಗೆ ಉಪವಿಭಾಗದ ಕಚೇರಿ ಇರುವುದು ಮಧುಗಿರಿಯಲ್ಲಿ. ವಕೀಲರು ಬೇಕೆಂದಿಲ್ಲ, ಚಾಲಕ ಯಾರೆಂದು ಸಾಬೀತು ಮಾಡಬೇಕೆಂದಿಲ್ಲ.

ಇಷ್ಟು ಸಲೀಸಾದ ಯೋಜನೆಯನ್ನು ಎಷ್ಟು ಜನ ಬಳಸಿದರು? 2022ರಲ್ಲಿ ದೇಶದಲ್ಲಿ ಹೊಡೆದು ಓಡಿದ ಪ್ರಕರಣ 67,387, ಸತ್ತವರು 30,486. 2022–23ನೇ ಸಾಲಿನಲ್ಲಿ ಪರಿಹಾರ ಕೋರಿ ಬಂದ ಅರ್ಜಿ 205, ಇತ್ಯರ್ಥವಾದದ್ದು 95. ಕೊಯಮತ್ತೂರಿನ ಮೂಳೆ ಶಸ್ತ್ರವೈದ್ಯ ಎಸ್. ರಾಜಶೇಖರನ್ ಹೂಡಿದ, ವರ್ಷಗಳಿಂದ ನಡೆಯುತ್ತಿರುವ ರಸ್ತೆ ಸುರಕ್ಷತೆಯ ಮೊಕದ್ದಮೆಯಲ್ಲಿ ಈ ಅಂಕಿ ಕಂಡ ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಪೊಲೀಸರಿಗೆ ಒಂದು ನೇರ ಕೆಲಸ ಹಚ್ಚಿತು. ಪ್ರಕರಣ ದಾಖಲಾಗಿ ಒಂದು ತಿಂಗಳಲ್ಲಿ ವಾಹನದ ವಿವರ ಸಿಗದಿದ್ದರೆ ಠಾಣಾಧಿಕಾರಿಯು ಗಾಯಾಳುವಿಗೆ ಅಥವಾ ಸತ್ತವರ ವಾರಸುದಾರರಿಗೆ ಈ ಪರಿಹಾರವಿದೆ ಎಂದು ಲಿಖಿತವಾಗಿ ತಿಳಿಸಬೇಕು. ಅದೇ ಅವಧಿಯಲ್ಲಿ ಅಪಘಾತದ ವರದಿಯನ್ನು ಪರಿಹಾರ ಅರ್ಜಿಯ ವಿಚಾರಣಾಧಿಕಾರಿಗೂ ಕಳಿಸಬೇಕು.

ಅದೇ ಮೊಕದ್ದಮೆಯಲ್ಲಿ 2025ರ ಮೇ ತಿಂಗಳಲ್ಲಿ ಫುಟ್‌ಪಾತಿನಲ್ಲಿ ನಡೆಯುವುದು ಸಂವಿಧಾನದ 21ನೇ ವಿಧಿಯ ಹಕ್ಕು ಎಂದ ನ್ಯಾಯಾಲಯ, ಅಕ್ಟೋಬರ್ 7ರಂದು ಪಾದಚಾರಿಗಳ ಓಡಾಟಕ್ಕೆ ನಿಯಮ ರೂಪಿಸಲು ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿತು. ಫುಟ್‌ಪಾತು, ದಾಟುಪಟ್ಟಿಗಳ ತಪಾಸಣೆಗೆ ಆದೇಶವಾದದ್ದು 50 ನಗರಗಳಿಗೆ. ತಾಲ್ಲೂಕು ಕೇಂದ್ರಗಳು, ಹೋಬಳಿಗಳು ಆ ಪಟ್ಟಿಯಲ್ಲಿಲ್ಲ.

ಠಾಣೆಯಿಂದ ಹೋಗಬೇಕಾದ ಆ ಲಿಖಿತ ತಿಳಿವಳಿಕೆಗೆ ಮಾತ್ರ ನಗರ–ಹಳ್ಳಿ ಎಂಬ ಭೇದವಿಲ್ಲ, ಹೊಸ ನಿಯಮ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಬೇಕಾದದ್ದು ಒಂದು ಹಾಳೆಯ ನಮೂನೆ. ಯೋಜನೆಯ ಹೆಸರು, ಮೊತ್ತ, ಮಧುಗಿರಿ ಉಪವಿಭಾಗಾಧಿಕಾರಿ ಕಚೇರಿಯ ವಿಳಾಸ, ಜೊತೆಗೆ ಲಗತ್ತಿಸಬೇಕಾದ ಎಫ್‌ಐಆರ್, ಮರಣೋತ್ತರ ವರದಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಪಾವಗಡ ಸೀಮೆಯಲ್ಲಿ ಬಹಳ ಮನೆಗಳ ಮಾತು ತೆಲುಗು, ಓದು ಕನ್ನಡ, ಹಿರಿಯರಲ್ಲಿ ಅನೇಕರಿಗೆ ಎರಡೂ ಓದಲು ಬಾರದು. ಹೀಗಾಗಿ ಅಂಚೆಯಲ್ಲಿ ಕಳಿಸಿ ಸಹಿ ಪಡೆದರೆ ಸಾಲದು. ಬೀಟ್ ಪೊಲೀಸರು ಅದನ್ನು ಮನೆಗೇ ಒಯ್ದು, ಜಗಲಿಯ ಮೇಲೆ ಕೂತು, ಅವರ ಮಾತಿನಲ್ಲಿ ಓದಿ ಹೇಳಿ, ಅರ್ಜಿ ಯಾವ ಕಚೇರಿಯ ಯಾರ ಕೈಗೆ ಕೊಡಬೇಕೆಂದು ಗುರುತು ಹಾಕಿ ಬರಬೇಕು.